ಗಾಡಿ ಪೇಂಟ್ ಅಂಗಡಿಯ ಥಿನ್ನರ್ ಮಾಡೆಲ್ ಹತ್ತಿರ ತರಬೇಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಪ್ರತಿ ವರ್ಷ ಪಾಲಿಮರ್ ಪಾಠ ಬಂದಾಗ ಒಂದು ಬೀಕರ್‌ಗೆ ಸ್ವಲ್ಪ ಅಸಿಟೋನ್ ಹಾಕಿ, ಅದರೊಳಗೆ ಮೊಳದುದ್ದದ ಥರ್ಮಾಕೋಲ್ ಇಳಿಸುತ್ತೇನೆ. ಅದು ಚುಂಯ್ ಅಂತ ಕರಗಿ ತಳದಲ್ಲಿ ಅಂಟಿನ ಮುದ್ದೆ ಆಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ಗೊತ್ತಿದ್ದವನೇ ಈ ಕೆಲಸ ಮಾಡಿಕೊಂಡಿದ್ದೇನೆ. ನಗುವುದಿದ್ದರೆ ನಗಿ. ಆದರೆ ಪ್ಲಾಸ್ಟಿಕ್ ಕಿಟ್, ಅಂದರೆ ಬಿಡಿಭಾಗ ಅಂಟಿಸಿ ಬಣ್ಣ ಹೊಡೆದು ಮಾಡುವ ಪುಟ್ಟ ಮಾಡೆಲ್, ಕಟ್ಟುವವರಾದರೆ, ಅಥವಾ ಮನೆಯಲ್ಲಿ ಮಗನೋ ಮಗಳೋ ಹೊಸದಾಗಿ ಶುರು ಮಾಡಿದ್ದರೆ, ಪೂರ್ತಿ ಓದಿ.

ಮಿಗ್-21 ನಮ್ಮ ವಾಯುಪಡೆಗೆ ಸೇರಿದ್ದು 1963ರಲ್ಲಿ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಅದಕ್ಕೆ ಬೀಳ್ಕೊಡುಗೆ ಅಂತ ಸುದ್ದಿ ಬಂದಾಗ, ನನ್ನ ಬೀರುವಿನ ಮೇಲೆ ಅದೇ ವಿಮಾನದ 1/48 ಅಳತೆಯ ಕಿಟ್ ಎರಡು ವರ್ಷದಿಂದ ಧೂಳು ತಿನ್ನುತ್ತಾ ಕೂತಿತ್ತು. ಆ ದಿನದೊಳಗೆ ಮುಗಿಸಿ ಟಿವಿ ಪಕ್ಕ ನಿಲ್ಲಿಸಬೇಕು ಅಂತ ಹಟ ಬಂತು. ನಿಜವಾದ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 7.15 ಮೀಟರ್. ನನ್ನದು ಸುಮಾರು 15 ಸೆಂಟಿಮೀಟರ್. ಅಷ್ಟರಲ್ಲೇ ಕೂದಲೆಳೆಯಂಥ ಗೆರೆಗಳು, ಸೂಜಿಮೊನೆಯಂಥ ರಿವೆಟ್‌ಗಳು. ಈ ಕಿಟ್‌ಗಳಿಗೆ ನಾವು ದುಡ್ಡು ಸುರಿಯುವುದೇ ಆ ಗೆರೆಗಳಿಗೆ ಅಲ್ವಾ?

ಜೋಡಿಸುವ ಕೆಲಸ ಶ್ರಾವಣದಲ್ಲಿ ಮುಗಿಯಿತು. ಅಷ್ಟರಲ್ಲಿ ಗಣೇಶ ಚೌತಿ ಬಂತು. ನಮ್ಮ ಬೀದಿಯ ಹುಡುಗರು ಮಂಟಪಕ್ಕೆ ಥರ್ಮಾಕೋಲ್ ಕಂಬ ಕೊರೆದು, ಚಿನ್ನದ ಬಣ್ಣದ ಸ್ಪ್ರೇ ಡಬ್ಬಿ ಹಿಡಿದು ನಿಂತಿದ್ದರು. ಒಂದು ಕಂಬಕ್ಕೆ ಹೊಡೆದೂ ಆಗಿತ್ತು. ಅದು ಇಲಿ ಕಡಿದ ರೊಟ್ಟಿ ಥರ ಕಾಣುತ್ತಿತ್ತು. ನಾನು ಅಲ್ಲೇ ನಿಂತು ಹತ್ತು ನಿಮಿಷ ಪಾಠ ಮಾಡಿದೆ. ಥರ್ಮಾಕೋಲ್ ಅಂದರೆ ಗಾಳಿ ತುಂಬಿದ ಪಾಲಿಸ್ಟೈರೀನ್, ಸ್ಪ್ರೇಯೊಳಗಿನ ದ್ರಾವಕ ಅದನ್ನು ತಿಂದುಬಿಡುತ್ತದೆ, ಮೊದಲು ಡಿಸ್ಟೆಂಪರ್ ಬಳಿದು ಒಣಗಿಸಿ ಅಂತೆಲ್ಲ. ಹುಡುಗರು ಪಾಪ ಕೇಳಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯಿತು ನೋಡಿ. ನನ್ನ ಮಿಗ್ ಕೂಡ ಪಾಲಿಸ್ಟೈರೀನೇ. ಗಾಳಿ ಇಲ್ಲದ ಗಟ್ಟಿ ಪಾಲಿಸ್ಟೈರೀನ್, ಅಷ್ಟೇ ವ್ಯತ್ಯಾಸ.

ಬಣ್ಣಕ್ಕಿಂತ ಮುಂಚೆ ಪ್ರೈಮರ್ ಬೇಕು. ಬಣ್ಣ ಹಿಡಿದುಕೊಳ್ಳಲಿ ಅಂತ ಒಂದು, ಅಂಟಿಸಿದ ಜಾಗದ ಬಿರುಕು, ಉಬ್ಬು ಕಣ್ಣಿಗೆ ಕಾಣಲಿ ಅಂತ ಇನ್ನೊಂದು. ಸಾಮಾನ್ಯವಾಗಿ ನಾನು ಜಪಾನಿನ ಮಿಸ್ಟರ್ ಸರ್ಫೇಸರ್ 1000 ಅನ್ನುವ ಪ್ರೈಮರ್ ಬಳಸುತ್ತೇನೆ. ಬೇಗ ಹೊತ್ತಿಕೊಳ್ಳುವ ವಸ್ತು ಆದ್ದರಿಂದ ಪಾರ್ಸಲ್ ರಸ್ತೆ ಮೇಲೆಯೇ ಬರಬೇಕು, ಹಬ್ಬದ ಸಾಲಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತು. ಒಂದು ವಾರ ಕಾದೆ. ಆಮೇಲೆ ಊರಿನಲ್ಲೇ ಕಾರು, ಬೈಕಿಗೆ ಬಣ್ಣ ಕಲಸಿ ಕೊಡುವ ಒಂದು ಅಂಗಡಿಗೆ ಹೋದೆ.

‘ಪ್ಲಾಸ್ಟಿಕ್‌ಗೆ ಪ್ರೈಮರ್ ಬೇಕು’ ಅಂದೆ.

‘ಕೊಡ್ತೀನಿ ತಗೊಳ್ರಿ ಸರ್. ಕಾರಿನ ಬಂಪರ್‌ಗೂ ಇದೇ ಹೊಡೀತಾರೆ. ಅದೂ ಪ್ಲಾಸ್ಟಿಕ್ಕೇ ಅಲ್ವಾ?’

ಬೂದು ಬಣ್ಣದ ಪ್ರೈಮರ್ ಒಂದು ಸಣ್ಣ ಡಬ್ಬಿ. ಅದನ್ನು ತೆಳುಮಾಡುವ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್ ಮಾತ್ರ ಬಿಡಿಯಾಗಿ, ನೀರಿನ ಖಾಲಿ ಬಾಟಲಿಗೆ ಸುರಿದು ಕೊಟ್ಟರು. ಮನೆಗೆ ಬರುವವರೆಗೂ ಬಾಟಲಿಗೆ ಏನೂ ಆಗಲಿಲ್ಲ. ಅದನ್ನು ನೋಡಿಯೇ ನನಗೆ ಧೈರ್ಯ ಬಂತು. ಪ್ಲಾಸ್ಟಿಕ್ ಬಾಟಲಿ ತಡೆದುಕೊಂಡಿದೆ ಅಂದಮೇಲೆ ಪ್ಲಾಸ್ಟಿಕ್ ವಿಮಾನವೂ ತಡೆದುಕೊಳ್ಳುತ್ತದೆ ಅಂತ. ನಾನು ಮೇಷ್ಟ್ರು ಅಂತ ಮತ್ತೆ ನೆನಪಿಸಬೇಕಿಲ್ಲ.

ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಬಣ್ಣ ಅಂಟುವುದೇ ಕಷ್ಟ, ಇಂಥ ದ್ರಾವಕಕ್ಕೆ ಅದು ಜಗ್ಗುವುದಿಲ್ಲ. ನೀರಿನ ಬಾಟಲಿ ಪೆಟ್, ಅದೂ ಗಟ್ಟಿ ಜೀವ. ಪಾಲಿಸ್ಟೈರೀನ್ ಹಾಗಲ್ಲ. ಎನ್.ಸಿ. ಥಿನ್ನರ್ ಅಂದರೆ ಒಂದೇ ವಸ್ತುವಲ್ಲ, ಟಾಲ್ವೀನ್, ಅಸಿಟೋನ್, ಅಸಿಟೇಟ್‌ಗಳಂಥ ದ್ರಾವಕಗಳ ಬೆರಕೆ. ಯಾವುದು ಎಷ್ಟು ಅನ್ನುವುದು ಒಂದೊಂದು ತಯಾರಿಯಲ್ಲಿ ಒಂದೊಂದು ಥರ. ಕಬ್ಬಿಣಕ್ಕೆ ಎಷ್ಟು ಇದ್ದರೂ ನಡೆಯುತ್ತದೆ.

ಸೆಪ್ಟೆಂಬರ್ ಎರಡನೇ ವಾರ, ಹೊರಗೆ ಜಿಟಿಜಿಟಿ ಮಳೆ. ಟೆರೇಸ್ ಮೇಲೆ ಹೊಡೆಯೋಕಾಗದೆ ಒಳಗಿನ ಸಣ್ಣ ಕೋಣೆಯಲ್ಲಿ ಕಂಪ್ರೆಸರ್ ಹಚ್ಚಿದೆ. ಏರ್‌ಬ್ರಷ್‌ನಿಂದ ಮೊದಲ ಕೋಟ್ ಮಂಜಿನಂತೆ ತೆಳ್ಳಗೆ ಹೊಡೆದೆ. ಎಷ್ಟು ಚೆನ್ನಾಗಿ ಕೂತಿತು ಅಂದರೆ, ಸುಮ್ನೆ ಇಷ್ಟು ದಿನ ಜಪಾನಿನ ಡಬ್ಬಿಗೆ ದುಡ್ಡು ಹಾಕಿದೆನಲ್ಲ ಅನ್ನಿಸಿತು. ಮೋಸ ಇರುವುದೇ ಇಲ್ಲಿ. ತೆಳ್ಳಗೆ ಹೊಡೆದಾಗ ದ್ರಾವಕ ಅರ್ಧ ಗಾಳಿಯಲ್ಲೇ ಹಾರಿಹೋಗುತ್ತದೆ, ಪ್ಲಾಸ್ಟಿಕ್ ಮೇಲೆ ನಿಲ್ಲುವುದು ಒಂದೆರಡು ಗಳಿಗೆ. ಎರಡನೇ ಕೋಟ್ ಒದ್ದೆಯಾಗಿ ಹೊಡೆದೆ. ಐದು ನಿಮಿಷ ಬಿಟ್ಟು ನೋಡಿದರೆ, ಕಾಯಿಸಿದ ಹಾಲು ಆರಿದಾಗ ಕೆನೆ ಸುಕ್ಕುಗಟ್ಟುತ್ತದಲ್ಲ, ರೆಕ್ಕೆ ಮೇಲೆ ಹಾಗೆ ಸುಕ್ಕು. ರಿವೆಟ್‌ಗಳು ಕಾಣೆ. ರೆಕ್ಕೆಯ ಹಿಂದಿನ ಅಂಚು, ಕಾಗದದಷ್ಟು ತೆಳ್ಳಗಿರುವ ಜಾಗ, ಹಪ್ಪಳದ ಥರ ಮೇಲಕ್ಕೆ ಎದ್ದಿತ್ತು. ಗಾಬರಿಯಲ್ಲಿ ಹೊಟ್ಟೆ ಭಾಗ ಹಿಡಿದು ಎತ್ತಿದೆ. ನನ್ನ ಹೆಬ್ಬೆಟ್ಟಿನ ಗುರುತು ಅದರಲ್ಲಿ ಅಚ್ಚೊತ್ತಿ ಕೂತಿತು. ರಿಜಿಸ್ಟ್ರಾರ್ ಆಫೀಸಿನಲ್ಲೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ.

ಅಷ್ಟು ಹೊತ್ತಿಗೆ ಹೆಂಡತಿ ಬಾಗಿಲು ತಳ್ಳಿದಳು. ‘ರೀ, ಪಕ್ಕದಲ್ಲೇ ದೇವರ ಮುಂದೆ ದೀಪ ಉರೀತಿದೆ. ಇದೇನು ವಾಸನೆ? ಮನೆ ಸುಡ್ತೀರೇನು?’

ವಿಮಾನ ಹೋದದ್ದಕ್ಕಿಂತ ಈ ಮಾತಿಗೆ ನನಗೆ ಜಾಸ್ತಿ ಬೆವರು ಬಂತು. ಈ ಆವಿ ಗಾಳಿಗಿಂತ ಭಾರ. ನೆಲಕ್ಕೆ ಇಳಿದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಹರಿಯುತ್ತದೆ. ಅಲ್ಲಿ ದೀಪವೋ ಗ್ಯಾಸ್ ಒಲೆಯೋ ಇದ್ದರೆ ಸಾಕು. ಮೂಗಿಗೆ ನಾನು ಕಟ್ಟಿಕೊಂಡಿದ್ದದ್ದು ಬಟ್ಟೆಯ ಮಾಸ್ಕ್. ಅದು ಧೂಳಿಗೆ ಆಗುತ್ತದೆ, ಆವಿಗೆ ಅಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇರೆ ಸಿಗುತ್ತದೆ. ರಾತ್ರಿಯಿಡೀ ತಲೆ ಸಿಡಿಯಿತು. ಹೆಸರು ಚೀಟಿ ಇಲ್ಲದ ಆ ಬಾಟಲಿ ಊಟದ ಮೇಜಿನ ಮೇಲೇ ಇತ್ತು ಅನ್ನುವುದು ಮಾರನೇ ದಿನ ನೆನಪಾಯಿತು. ನೋಡೋಕೆ ನೀರೇ. ಮನೆಯಲ್ಲಿ ಮಕ್ಕಳಿದ್ದರೆ ಏನು ಗತಿ? ಬಿಡಿ ಥಿನ್ನರ್ ನೀರಿನ ಬಾಟಲಿಯಲ್ಲಿ ತರಲೇಬೇಡಿ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಅರ್ಧಕ್ಕೇ ಮುಗಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. 26ನೇ ತಾರೀಕು ತಲೆಯಲ್ಲಿ ಕೂತಿತ್ತು. ಎರಡು ದಿನ ಒಣಗಿಸಿ, 400, 800, 1000 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ ಸುಕ್ಕು ತೆಗೆದೆ. ಮೇಲಿನ ಪದರ ಗಟ್ಟಿ, ಒಳಗೆ ಇನ್ನೂ ದ್ರಾವಕ ಸಿಕ್ಕಿಕೊಂಡು ಮೆತ್ತಗಿದೆ ಅನ್ನುವುದು ಉಜ್ಜುವಾಗಲೇ ಕೈಗೆ ಗೊತ್ತಾಗುತ್ತಿತ್ತು. ಕೈ ಹೇಳಿದ್ದನ್ನು ತಲೆ ಕೇಳಲಿಲ್ಲ. ಅದರ ಮೇಲೆಯೇ ತಿಳಿ ಬೂದು ಬಣ್ಣ ಹೊಡೆದೆ. ಎರಡನೇ ಛಾಯೆಗೆ ಮರೆ ಮಾಡಬೇಕಲ್ಲ, ಅದಕ್ಕೆ ಮಾಸ್ಕಿಂಗ್ ಟೇಪ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ಪೇಂಟರ್‌ಗಳಿಗೆ ಕೊಡುವ ಒಂದಿಂಚಿನ ಟೇಪ್ ತಂದು ಹಚ್ಚಿದೆ. ಸಂಜೆಯೇ ಎರಡನೇ ಬಣ್ಣ ಹೊಡೆದೂ ಆಯಿತು. ಅಷ್ಟರಲ್ಲಿ ಮಿಡ್‌ಟರ್ಮ್ ಪರೀಕ್ಷೆ, ಪೇಪರ್ ಕಟ್ಟು. ಟೇಪ್ ಹಾಗೇ ನಾಲ್ಕು ದಿನ ಉಳಿಯಿತು.

ಬಿಚ್ಚಿದಾಗ ಟೇಪಿನ ಜೊತೆ ಬಣ್ಣ, ಬಣ್ಣದ ಜೊತೆ ಪ್ರೈಮರ್, ಹಾಳೆ ಹಾಳೆಯಾಗಿ ಎದ್ದು ಬಂತು. ಕೆಳಗೆ ಬರೀ ಪ್ಲಾಸ್ಟಿಕ್. ಎದ್ದು ಬರದ ಕಡೆ ಬಣ್ಣ ಟೇಪಿನ ಕೆಳಗೆ ನುಗ್ಗಿ ಅಂಚು ಗರಗಸದ ಹಲ್ಲಿನಂತಾಗಿತ್ತು. ಗೋಡೆಯ ಟೇಪಿನ ಕಾಗದ ಸುಕ್ಕುಸುಕ್ಕು, ಆ ಸುಕ್ಕಿನ ಸಂದಿಯಲ್ಲಿ ಬಣ್ಣ ಹರಿಯುತ್ತದೆ. ಅಂಟೂ ಜಾಸ್ತಿ. ಮಾಡೆಲ್ ಕಟ್ಟುವವರಿಗೆಂದೇ ಬರುವ ತಮಿಯಾ ಟೇಪ್ ತೆಳ್ಳನೆಯ ಜಪಾನಿ ಕಾಗದದ್ದು, ಅಂಟು ಕಡಿಮೆ. ಬೆಲೆ ಯಾಕೆ ಹೆಚ್ಚು ಅಂತ ಅವತ್ತು ಅರ್ಥವಾಯಿತು. ಆದರೆ ಎಲ್ಲ ತಪ್ಪನ್ನೂ ಟೇಪಿನ ತಲೆಗೆ ಕಟ್ಟುವಂತಿಲ್ಲ. ಕಿಟ್‌ನ ಬಿಡಿಭಾಗಗಳನ್ನು ಜೋಡಿಸುವ ಮುಂಚೆ ನಾನು ಸೋಪು ನೀರಿನಲ್ಲಿ ತೊಳೆದಿರಲಿಲ್ಲ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಾಕುವ ಎಣ್ಣೆಯಂಥ ಜಿಡ್ಡು ಒಮ್ಮೊಮ್ಮೆ ಉಳಿದಿರುತ್ತದೆ, ಅದರ ಮೇಲೆ ನಮ್ಮ ಕೈಯ ಜಿಡ್ಡು ಬೇರೆ. ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್. ಹತ್ತು ನಿಮಿಷದ ಕೆಲಸ.

ಈಗ ಕೊನೆಯ ಏಟು. ಕ್ಯಾನೊಪಿ, ಅಂದರೆ ಪೈಲಟ್ ತಲೆ ಮೇಲಿನ ಗಾಜಿನಂಥ ಮುಚ್ಚಳ, ಅದೊಂದು ಚೆನ್ನಾಗಿ ಉಳಿದಿತ್ತು. ಅದರ ಮೇಲೆ ಟೇಪಿನ ಅಂಟು ಒಂದಿಷ್ಟು ಕೂತಿತ್ತು. ಹತ್ತಿಗೆ ಥಿನ್ನರ್ ಅದ್ದಿ ಒರೆಸಿದೆ. ಹೌದು, ಅದೇ ಥಿನ್ನರ್. ಹೊತ್ತು ರಾತ್ರಿ ಹನ್ನೊಂದೂವರೆ, ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು, ಕೈಗೆ ಸಿಕ್ಕಿದ್ದು ಅದು. ಒಂದೇ ಒರೆಸಿಗೆ ಮುಚ್ಚಳ ಮಂಜು ಹಿಡಿದ ಕನ್ನಡಿಯಾಯಿತು. ಈ ಪಾರದರ್ಶಕ ಭಾಗಗಳೂ ಸಾಮಾನ್ಯವಾಗಿ ಪಾಲಿಸ್ಟೈರೀನೇ. ಅಂಟು ಬಿಡಿಸೋಕೆ ಹೊಸ ಟೇಪಿನ ತುಂಡನ್ನೇ ಅದರ ಮೇಲೆ ಒತ್ತಿ ಒತ್ತಿ ಎತ್ತಿದರೆ ಬರುತ್ತದೆ. ಬಾರದಿದ್ದರೆ ಒಂದು ಹನಿ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಸೋಪಿನಿಂದ ತೊಳೆದರೆ ಆಯಿತು.

ನಾನು ಈಗ ಹೇಗೆ ಮಾಡುತ್ತೇನೆ ಅಂತ ಕೇಳುತ್ತೀರಿ. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು ಇರುತ್ತದಲ್ಲ, ಸ್ಪ್ರೂ ಅಂತೀವಿ, ಅದನ್ನು ಬಿಸಾಡುವುದಿಲ್ಲ. ಅದು ಅದೇ ಕಿಟ್‌ನ ಅದೇ ಪ್ಲಾಸ್ಟಿಕ್. ಪುಕ್ಕಟೆ ಬಂದ ಪರೀಕ್ಷೆ ತುಂಡು. ನಾನು ಅದನ್ನು ಮೊದಲ ದಿನವೇ ಕಸದ ಗಾಡಿಗೆ ಹಾಕಿದ್ದೆ. ಹೊಸ ಪ್ರೈಮರ್, ಹೊಸ ಥಿನ್ನರ್ ಏನೇ ಇರಲಿ, ಅದಕ್ಕೆ ಮೊದಲು ಒದ್ದೆಯಾಗಿ ಹೊಡೆದು ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಉಗುರಿನಿಂದ ಕೆರೆದು ನೋಡುತ್ತೇನೆ, ಟೇಪ್ ಹಚ್ಚಿ ಕಿತ್ತು ನೋಡುತ್ತೇನೆ. ಲ್ಯಾಕರ್, ಅಂದರೆ ಇಂಥ ಬೇಗ ಆರುವ ದ್ರಾವಕದಲ್ಲಿ ಕಲಸಿದ ಬಣ್ಣ, ಅಂದ ತಕ್ಷಣ ಹೆದರಬೇಕಾಗಿಲ್ಲ. ಮಿಸ್ಟರ್ ಸರ್ಫೇಸರ್ ಕೂಡ ಲ್ಯಾಕರೇ. ಅದು ಪ್ಲಾಸ್ಟಿಕ್ಕನ್ನು ಒಂದು ಚೂರು ಕಚ್ಚಿ ಹಿಡಿಯುತ್ತದೆ, ಹಾಗಾಗಿಯೇ ಗಟ್ಟಿಯಾಗಿ ಕೂರುತ್ತದೆ. ಕಚ್ಚುವುದಕ್ಕೂ ನುಂಗುವುದಕ್ಕೂ ವ್ಯತ್ಯಾಸ ಇದೆ. ವಾಸನೆಯೇ ಬೇಡ ಅನ್ನುವವರಿಗೆ ವಲ್ಲೆಹೊ ಕಂಪನಿಯ ನೀರಿನಲ್ಲಿ ಕರಗುವ ಪ್ರೈಮರ್ ಇದೆ. ಅದು ಒಂದು ದಿನವಾದರೂ ಒಣಗಬೇಕು, ಉಜ್ಜಿದರೆ ಸಿಪ್ಪೆ ಏಳುವುದೂ ಉಂಟು.

ಟೇಪನ್ನು ಮೊದಲು ಕೈಯ ಹಿಂಭಾಗಕ್ಕೆ ಎರಡು ಸಲ ಅಂಟಿಸಿ ಕೀಳುತ್ತೇನೆ, ಅಂಟು ಇಳಿಯುತ್ತದೆ. ಅದರ ಅಂಚನ್ನು ಗಾಜಿನ ಮೇಲಿಟ್ಟು ಹೊಸ ಬ್ಲೇಡಿನಿಂದ ಕತ್ತರಿಸಿ, ಮಾಡೆಲ್ ಮೇಲೆ ಹಚ್ಚಿ, ಹಲ್ಲುಕಡ್ಡಿಯಿಂದ ಒತ್ತುತ್ತೇನೆ. ಆಮೇಲೆ ಎರಡನೇ ಬಣ್ಣಕ್ಕಿಂತ ಮುಂಚೆ ಮೊದಲಿನ ಬಣ್ಣವನ್ನೇ ಅಂಚಿನ ಮೇಲೆ ಇನ್ನೊಮ್ಮೆ ತೆಳ್ಳಗೆ ಹೊಡೆಯುತ್ತೇನೆ. ಸಂದಿ ಇದ್ದರೆ ಅದೇ ಬಣ್ಣ ಹೋಗಿ ಮುಚ್ಚಿಬಿಡುತ್ತದೆ, ಹಲ್ಲು ಮೂಡುವುದಿಲ್ಲ. ಬಿಚ್ಚುವಾಗ ಮೇಲಕ್ಕೆ ಎಳೆಯದೆ, ಟೇಪನ್ನು ಅದರ ಮೇಲೇ ಮಡಚಿ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು. ಅದೂ ಅವತ್ತೇ. ಮಳೆಯಲ್ಲಿ ಲ್ಯಾಕರ್ ಹೊಡೆಯುವುದಿಲ್ಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಿಳಿ ಮಂಕು ಕವಿಯುತ್ತದೆ.

ಆ ಅಂಗಡಿಗೆ ಮತ್ತೆ ಹೋಗಿದ್ದೆ, ಜಗಳಕ್ಕಲ್ಲ, ಏನಾಯಿತು ಅಂತ ತೋರಿಸೋಕೆ. ಅವರು ರೆಕ್ಕೆ ಹಿಡಿದು ತಿರುಗಿಸಿ ನೋಡಿ, ‘ಸರ್, ನೀವು ಪ್ಲಾಸ್ಟಿಕ್ ಅಂದ್ರಿ. ಬೊಂಬೆ ಅನ್ನಲಿಲ್ಲ’ ಅಂದರು. ಅವರದ್ದೇನು ತಪ್ಪು? ಇಪ್ಪತ್ತು ವರ್ಷದಿಂದ ತಗಡು, ಬಂಪರ್ ನೋಡಿದವರು.

26ನೇ ತಾರೀಕು ಟಿವಿಯಲ್ಲಿ ಚಂಡೀಗಢದ ಬೀಳ್ಕೊಡುಗೆ ನೋಡಿದೆವು. ನನ್ನ ಮಿಗ್ ಚಪ್ಪಲಿ ಡಬ್ಬಿಯೊಳಗಿತ್ತು. ಗಣೇಶನ ಚಂದಾ ಲೆಕ್ಕ ಕೊಡೋಕೆ ಬಂದಿದ್ದ ಬೀದಿಯ ಹುಡುಗನೊಬ್ಬ ಡಬ್ಬಿ ತೆರೆದು ನೋಡಿ, ‘ಸರ್, ಇದೂ ಥರ್ಮಾಕೋಲಾ?’ ಅಂದ. ಏನೂ ಹೇಳಲಿಲ್ಲ, ಚಂದಾ ಲೆಕ್ಕಕ್ಕೆ ಸಹಿ ಹಾಕಿ ಕಳಿಸಿದೆ.

ಉಳಿದ ಪ್ರೈಮರ್, ಥಿನ್ನರ್ ಎರಡೂ ದಸರಾ ರಜೆಯಲ್ಲಿ ಮನೆಯ ಕಬ್ಬಿಣದ ಗೇಟಿಗೆ ಹೋಯಿತು. ಗೇಟು ಮಾತ್ರ ಬಲು ಚೆನ್ನಾಗಿ ಬಂದಿದೆ.