ಕತ್ತುನೋವಿಗೆ ಫೋಮ್ ದಿಂಬೋ, ಬೂರುಗದ ದಿಂಬೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬೂರುಗದ ಹತ್ತಿಯ ದಿಂಬಿಗೆ ಮತ್ತು ದಿನಾ ಮಾಡುವ ವ್ಯಾಯಾಮಕ್ಕೆ. ಮೆಮೊರಿ ಫೋಮ್ ದಿಂಬು, ಕತ್ತಿಗೆ ಕಟ್ಟುವ ಕಾಲರ್, ಕತ್ತನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಮೂರನ್ನೂ ಹಣ ಕೊಟ್ಟು ನೋಡಿಯಾಗಿದೆ.

ನನ್ನದು ದಾವಣಗೆರೆಯ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸುಗ್ಗಿ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಬಗ್ಗಿಸಿದ ತಲೆ ಎತ್ತುವಂತಿಲ್ಲ. ಕತ್ತಿನ 5 ಮತ್ತು 6ನೇ ಮೂಳೆಗಳ ನಡುವಿನ ಡಿಸ್ಕ್ ಎಂಬ ಮೆತ್ತೆ ತೆಗೆದು ಎರಡನ್ನೂ ಬೆಸೆಯುವ ಶಸ್ತ್ರಚಿಕಿತ್ಸೆ ಆಗಿದೆ. ಕೈಗೆ ಇಳಿಯುತ್ತಿದ್ದ ನೋವು ಹೋಯಿತು, ಕತ್ತಿನದು ಉಳಿಯಿತು. ಬೆಸೆದ ಜಾಗ ಅಲುಗುವುದಿಲ್ಲ, ಹಾಗಾಗಿ ಅದರ ಮೇಲಿನ ಮತ್ತು ಕೆಳಗಿನ ಮೂಳೆಸಂದುಗಳ ಮೇಲೆ ಹೊರೆ ಹೆಚ್ಚುತ್ತದೆ. ಕೈಯ ಬಲ ಕುಂದದಿರುವಾಗ ಬರೀ ಕತ್ತುನೋವಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರೇ ಹೇಳಿದರು.

ಫೋಮ್ ದಿಂಬಿಗೆ ಎರಡು ಸಾವಿರ ರೂಪಾಯಿಗೂ ಮೇಲೆ ಕೊಟ್ಟೆ. ಚಳಿಗಾಲದಲ್ಲಿ ತಂದದ್ದು, ಅದರ ಬಣ್ಣ ಬಯಲಾದದ್ದು ಮಾರ್ಚ್‌ನಲ್ಲಿ. ಮೆಮೊರಿ ಫೋಮ್ ಶಾಖಕ್ಕೆ ಮೆತ್ತಗಾಗುವ ವಸ್ತು, ತಲೆಯ ಆಕಾರಕ್ಕೆ ಅದು ಒಗ್ಗುವುದೇ ಆ ಗುಣದಿಂದ. ಆದರೆ ನಮ್ಮೂರಿನ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ತಾರಸಿಯ ಕಾವು ಇಳಿದಿರುವುದಿಲ್ಲ. ತಲೆ ಇಡುವ ಮೊದಲೇ ಮೆತ್ತಗಾದ ದಿಂಬಿನಲ್ಲಿ ತಲೆ ಹುದುಗಿಹೋಗುತ್ತದೆ. ಗಾಳಿಯಾಡದೆ ಕತ್ತಿನ ಹಿಂಭಾಗವೆಲ್ಲ ಬೆವರು. ಬೆವರಿಗೆಂದು ಟವೆಲ್ ಹಾಸಿದರೆ ಎತ್ತರ ಏರುತ್ತದೆ, ನಡುರಾತ್ರಿ ಅದು ಜಾರಿದರೆ ಎತ್ತರ ಇಳಿಯುತ್ತದೆ, ಮುದುಡಿದ ಅಂಚು ಕಿವಿಯ ಹಿಂದೆ ಒತ್ತುತ್ತದೆ. ಒಳಗಿನ ಫೋಮನ್ನು ಒಗೆಯುವಂತಿಲ್ಲ, ಬಿಸಿಲಿಗೆ ಒಣಹಾಕುವಂತಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಎತ್ತರದ್ದೇ. ಮಗ್ಗುಲಾಗಿ ಮಲಗಿದಾಗ ಭುಜದಿಂದ ಕಿವಿಯವರೆಗಿನ ಸಂದು ತುಂಬಬೇಕು, ಅಂಗಾತ ಮಲಗಿದರೆ ಅಷ್ಟು ಎತ್ತರ ಬೇಡ. ಒಬ್ಬೊಬ್ಬರ ಭುಜ ಒಂದೊಂದು ಅಳತೆ, ಅಚ್ಚಿನಲ್ಲಿ ತೆಗೆದ ದಿಂಬಿಗೆ ಅದು ಹೇಗೆ ಗೊತ್ತಾಗಬೇಕು? ವಾಪಸು ಕೊಡಲು ಹೋದರೆ ಅಂಗಡಿಯವರು, ‘ಕವರ್ ಬಿಚ್ಚಿದ್ದೀರಲ್ಲ ಸಾರ್’ ಎಂದರು. ಬಿಚ್ಚದೆ ಮಲಗಿ ನೋಡುವುದು ಹೇಗೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಬೂರುಗದ ದಿಂಬನ್ನು ಗಾದಿ ಅಂಗಡಿಯಲ್ಲಿ ಕೂತು ಹೊಲಿಸಿದೆ. ಹತ್ತಿಗಿರಣಿಗಳಿಂದ ಹೆಸರಾದ ಊರು, ಗಾದಿ ಹೊಲಿಯುವವರಿಗೆ ಬರವಿಲ್ಲ. ಒಂದು ಬದಿಗೆ ಸಡಿಲ ಹೊಲಿಗೆ ಹಾಕಿಸಿದ್ದೆ. ಮನೆಯಲ್ಲಿ ಮಗ್ಗುಲಾಗಿ ಮಲಗಿ, ಮೂಗು ಎದೆಯ ನಡುಗೆರೆಗೆ ನೇರವಾಗಿದೆಯೇ ಎಂದು ಹೆಂಡತಿಯಿಂದ ನೋಡಿಸಿ, ಹಿಡಿ ಹಿಡಿಯಾಗಿ ಹತ್ತಿ ತೆಗೆಸಿದೆ. ಮನೆ ತುಂಬ ಹತ್ತಿ ಹಾರಿತು, ಬೈಗುಳವೂ ಸಿಕ್ಕಿತು. ತಿಂಗಳುಗಳು ಕಳೆದಂತೆ ಅದು ಕುಗ್ಗುವುದೂ ನಿಜ, ಆಗ ತೆಗೆದಿಟ್ಟ ಹತ್ತಿಯನ್ನೇ ತುಂಬುತ್ತೇನೆ. ಬಿಸಿಲಿಗೆ ಹಾಕಿದರೆ ಮತ್ತೆ ಉಬ್ಬುತ್ತದೆ. ಫೋಮ್ ದಿಂಬಿನ ಹಣದಲ್ಲಿ ಇಂಥವು ಮೂರು ಬರುತ್ತಿದ್ದವು.

ಕಾಲರ್ ದೂರದ ಬಸ್ ಪ್ರಯಾಣಕ್ಕೆ ಸರಿ, ದಿನವಿಡೀ ಹಾಕಿಕೊಂಡರೆ ಕತ್ತಿನ ಸ್ನಾಯುಗಳು ಸೊರಗುತ್ತವೆ. ಟ್ರ್ಯಾಕ್ಷನ್‌ನಿಂದ ಸಿಕ್ಕ ಹಗುರ, ನಾನು ಕೆಲಸದ ಮಂಡಿಗೆ ತಲುಪುವಷ್ಟರಲ್ಲಿ ಮಾಯವಾಗುತ್ತಿತ್ತು. ಬೆಸೆದ ಕತ್ತಿಗೆ ಶಸ್ತ್ರಚಿಕಿತ್ಸೆ ಮಾಡಿದವರನ್ನು ಕೇಳದೆ ಅದನ್ನು ಹಾಕಿಸಲೇಬಾರದು.

ವ್ಯಾಯಾಮಕ್ಕೆ ಖರ್ಚೆಂದರೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತ ಶುಲ್ಕ ಮಾತ್ರ. ಹಣೆಗೆ ಅಂಗೈ ಒತ್ತಿ, ತಲೆ ಅಲುಗದಂತೆ ಎದುರೊತ್ತಿ ಐದು ಸೆಕೆಂಡ್ ಹಿಡಿಯುವುದು. ಹಾಗೆಯೇ ತಲೆಯ ಎರಡೂ ಬದಿಗೆ, ಹಿಂದಲೆಗೆ. ಗದ್ದವನ್ನು ನೇರ ಹಿಂದಕ್ಕೆ ಎಳೆದುಕೊಳ್ಳುವುದು ಇನ್ನೊಂದು, ಇದನ್ನು ಗಲ್ಲಾದ ಮುಂದೆ ಕೂತೇ ಮಾಡಬಹುದು. ಫಲ ಕಾಣಲು ವಾರಗಳು ಬೇಕು. ನನಗೆ ನೋವು ಪೂರ್ತಿ ಹೋಗಿಲ್ಲ, ಮಾತ್ರೆ ಅಪರೂಪವಾಗಿದೆ.

ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ದಿಂಬಿನ ಚರ್ಚೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಉಳಿದಂತೆ, ಎಸಿ ಕೋಣೆಯಲ್ಲಿ ಅಂಗಾತವೇ ಮಲಗುವವರಿಗೆ ಫೋಮ್ ದಿಂಬು ಒಗ್ಗೀತು. ಫ್ಯಾನ್ ಕೆಳಗೆ ರಾತ್ರಿಯೆಲ್ಲ ಹೊರಳಾಡುವ ನನ್ನಂಥವರು ಮೊದಲು ಗಾದಿ ಅಂಗಡಿಗೆ ಹೋಗುವುದು ವಾಸಿ.