ಲೇಸರ್ ಕನ್ನಡಿ ಸರಿಯಾಗಿ ನಿಲ್ಲಿಸೋಕೆ: ಕೈಯೋ, ಪೀಜೋನೋ, ಮೋಟಾರೋ?

ನಮ್ಮ ತುಮಕೂರಿನ ಲ್ಯಾಬಿನಲ್ಲಿರುವುದು ಕನ್ನಡಿಗಳು ಕೊಳವೆಯ ಹೊರಗಿರುವ ಹೀಲಿಯಂ-ನಿಯಾನ್ ಲೇಸರ್. 632.8 ನ್ಯಾನೋಮೀಟರಿನ ಕೆಂಪು ಬೆಳಕು. ಕೊಳವೆಯೊಳಗೆ ಒಂದು ಸಲ ಹಾದುಬಂದರೆ ಬೆಳಕು ಹೆಚ್ಚುವುದು ಶೇಕಡಾ ಒಂದೆರಡು ಅಷ್ಟೇ. ಎರಡು ಕನ್ನಡಿಗಳ ನಡುವೆ ಬೆಳಕು ಮತ್ತೆ ಮತ್ತೆ ಓಡಾಡಿದರೇನೇ ಲೇಸರ್ ಬೆಳಗೋದು, ಹಾಗಾಗಿ ಕನ್ನಡಿ ಚೂರು ವಾಲಿದರೂ ಆಟ ಮುಗಿಯಿತು. ಬೆಳಗ್ಗೆ ಸರಿಮಾಡಿಟ್ಟದ್ದು ಮಧ್ಯಾಹ್ನದ ಬಿಸಿಗೆ ಮಂಕಾಗುತ್ತದೆ. ಮೂರು ದಾರಿ ಹಾಕಿ ನೋಡಿದೆ.

ಕೈಸ್ಕ್ರೂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಲ ಸಲ ಬೆಳಕು ಹಿಡಿಯೋಕೆ ಅದೇ ಬೇಕು. ಆದರೆ ದಿನವಿಡೀ ಪಕ್ಕದಲ್ಲಿ ಕೂರೋರು ಯಾರು?

ಪೀಜೋ ಅನ್ನೋ ಸೆರಾಮಿಕ್ ತುಂಡು ಜಾಣ. ವೋಲ್ಟೇಜ್ ಕೊಟ್ಟರೆ ಕೆಲವು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಉದ್ದವಾಗುತ್ತದೆ. ಕನ್ನಡಿಯನ್ನು ಅಡ್ಡಕ್ಕೆ ಒಂದು ವೇಗದಲ್ಲಿ, ಮೇಲೆ-ಕೆಳಗೆ ಇನ್ನೊಂದು ವೇಗದಲ್ಲಿ ಸಣ್ಣಗೆ ಅಲುಗಿಸಬೇಕು. ಬೆಳಕು ಅಳೆಯುವ ಫೋಟೋಡಯೋಡಿನಲ್ಲಿ ಕಾಣುವ ಏರಿಳಿತದಿಂದ ಯಾವ ಕಡೆ ವಾಲಿದೆ ಅಂತ ಸರ್ಕ್ಯೂಟಿಗೆ ಗೊತ್ತಾಗುತ್ತದೆ. ಹಿಡಿತ ಅದ್ಭುತ. ಆದರೆ ಆ ಅಲುಗಾಟ ಹೊರಬರುವ ಬೆಳಕಿನಲ್ಲೂ ಸ್ವಲ್ಪ ಉಳಿಯುತ್ತದೆ. ನೂರು ವೋಲ್ಟ್ ದಾಟುವ ಡ್ರೈವರ್ ಬೇಕು. ಕರೆಂಟ್ ಹೋಯಿತೋ, ಪೀಜೋ ಮೊದಲಿನ ಉದ್ದಕ್ಕೆ ಮರಳುತ್ತದೆ, ಕನ್ನಡಿಯೂ ಸರಿಯುತ್ತದೆ. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ.

ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಒರಟು, ಆದರೆ ಹಟಮಾರಿ. 28ಬಿವೈಜೆ-48 ಅನ್ನೋ ಅಗ್ಗದ ಮೋಟಾರನ್ನೇ ಸ್ಕ್ರೂಗೆ ಜೋಡಿಸಿದೆ. ಗೇರ್ ಇರೋದರಿಂದ ಒಂದು ಸುತ್ತಿಗೆ ಸುಮಾರು 2,048 ಹೆಜ್ಜೆ. ಇಂಚಿಗೆ 80 ಎಳೆಯ ಸ್ಕ್ರೂ ಹೆಜ್ಜೆಗೆ 0.15 ಮೈಕ್ರಾನ್ ಸರಿಯುತ್ತದೆ. ಕನ್ನಡಿ ಹಿಡಿದಿರುವ 40 ಮಿ.ಮೀ. ತೋಳಿನ ಮೌಂಟಿನಲ್ಲಿ ಅದು ಸುಮಾರು 4 ಮೈಕ್ರೋರೇಡಿಯನ್ ವಾಲಿಕೆ, ಅಂದರೆ ಒಂದು ಡಿಗ್ರಿಯ ಸುಮಾರು ನಾಲ್ಕು ಸಾವಿರದಲ್ಲೊಂದು ಪಾಲು. ನಮಗೆ ಸಾಕು. ಗೇರಿನಲ್ಲಿ ಸಡಿಲ ಇದೆ, ಅದಕ್ಕೆ ಪ್ರತಿ ಸಲ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಬೇಕು. ನಿಂತ ಮೇಲೆ ಕಾಯಿಲಿಗೆ ಕರೆಂಟ್ ಕಟ್ ಮಾಡಿ. ಇಲ್ಲದಿದ್ದರೆ ಮೋಟಾರಿನ ಬಿಸಿ ಮೌಂಟಿಗೆ ಹತ್ತಿ, ಕನ್ನಡಿಯನ್ನು ಅದೇ ವಾಲಿಸುತ್ತದೆ!

ಪ್ರೋಗ್ರಾಂ ಮಾಡುವುದು ಮಂಜಿನಲ್ಲಿ ದೇವರಾಯನದುರ್ಗ ಹತ್ತುವ ಕೆಲಸ: ಒಂದು ಹೆಜ್ಜೆ ಇಡು, ಬೆಳಕು ಏರಿತಾ, ಅದೇ ಕಡೆ ನಡಿ. ಬೆಳಕೇ ಪೂರ್ತಿ ಹೋಗಿದ್ದರೆ ಏರು-ಇಳಿವೇ ಕಾಣದು. ಪೀಜೋಗೂ ಅದೇ ಪಾಡು. ಆದರೆ ಮೋಟಾರಿಗೆ ದೂರ ಹೋಗುವ ಶಕ್ತಿ ಇದೆ. ಸುರುಳಿಯಾಗಿ ಹುಡುಕುತ್ತಾ ಹೋಗಿ ಮತ್ತೆ ಬೆಳಕು ಹಿಡಿಯುತ್ತದೆ. ಕರೆಂಟ್ ಹೋದರೂ ಇದ್ದಲ್ಲೇ ನಿಲ್ಲುತ್ತದೆ.

ಬೆಂಚಿನ ಮೇಲೆ ಈಗ ಉಳಿದಿರೋದು ಮೋಟಾರೇ. ನಿಮ್ಮದು ಸಣ್ಣ ಕಂಪನವನ್ನೂ ಬಿಡದೆ ಹಿಡಿಯಬೇಕಾದ ಪ್ರಯೋಗವಾದರೆ ಮೋಟಾರಿನ ನಿಧಾನ ಸಾಲದು. ಪೀಜೋ ತಗೊಳ್ಳಿ, ಜೊತೆಗೆ ಒಳ್ಳೆ ಯುಪಿಎಸ್ಸೂ ಇರಲಿ.