ವಿಶ್ವಸಂಸ್ಥೆ ಕೆಲಸ: ಸ್ಟಾಫ್ ಆಗಿಯೋ, ಕನ್ಸಲ್ಟೆಂಟ್ ಆಗಿಯೋ?

ಜಿನೀವಾದಿಂದ ಎರಡೂ ಬಗೆಯ ಆಫರ್ ಕೈಯಲ್ಲಿದ್ದರೆ, ಬರೀ ಮೊತ್ತ ಹೋಲಿಸಬೇಡಿ. ತೆರಿಗೆ ಕಳೆದು ಎಷ್ಟು ಉಳಿಯುತ್ತೆ ಅನ್ನೋದು ಮುಖ್ಯ ಅಲ್ವಾ?

ಸ್ಟಾಫ್ ಆದರೆ, ವಿಶ್ವಸಂಸ್ಥೆ ಕೊಡುವ ಸಂಬಳಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ವಿಶ್ವಸಂಸ್ಥೆಯ ಸವಲತ್ತುಗಳ ಬಗ್ಗೆ ಭಾರತ ಮಾಡಿದ 1947ರ ಕಾಯ್ದೆಯಿಂದ ಬಂದ ವಿನಾಯಿತಿ ಇದು. ದೆಹಲಿ ಆಫೀಸಿಗೆ ವರ್ಗವಾಗಿ ಬಂದು ನೀವು ತೆರಿಗೆ ಲೆಕ್ಕದಲ್ಲಿ ಇಲ್ಲಿನ ರೆಸಿಡೆಂಟ್ (ನಿವಾಸಿ) ಆದರೂ ತೆರಿಗೆ ಇಲಾಖೆ ಈ ಸಂಬಳಕ್ಕೆ ಕೈ ಹಾಕುವಂತಿಲ್ಲ. ಹಾಗಂತ ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡಿ. ಸಂಸ್ಥೆಯೇ ‘ಸ್ಟಾಫ್ ಅಸೆಸ್‌ಮೆಂಟ್’ ಅಂತ ಒಂದು ಭಾಗ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. (ಪಕ್ಕದಲ್ಲಿ ಕೂತ ಅಮೆರಿಕದವರ ಪಾಡು ಬೇರೆ. ಅವರಿಗೆ ಅವರ ಸರ್ಕಾರ ತೆರಿಗೆ ಹಾಕುತ್ತದೆ, ಸಂಸ್ಥೆ ಅದನ್ನು ತುಂಬಿಕೊಡುತ್ತದೆ.) ನಿವೃತ್ತಿಯಾದ ಮೇಲಿನ ಪೆನ್ಷನ್‌ಗೂ ವಿನಾಯಿತಿ ಇದೆ. ಇದಕ್ಕೆ ದಾರಿ ಮಾಡಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ತೀರ್ಪು. ಅದನ್ನು ಒಪ್ಪಿ ಕೇಂದ್ರ ನೇರ ತೆರಿಗೆ ಮಂಡಳಿ (ಸಿಬಿಡಿಟಿ) 1981ರಲ್ಲಿ ಸುತ್ತೋಲೆ ಹೊರಡಿಸಿತು.

ಕನ್ಸಲ್ಟೆಂಟ್‌ಗೆ ಈ ರಕ್ಷಣೆ ಸಿಗುವುದಿಲ್ಲ. ಬೆಂಗಳೂರಿನ ಮನೆಯಿಂದಲೇ ಕೆಲಸ ಮಾಡಿದರೆ ಫೀಸು ಡಾಲರಿನಲ್ಲಿ ಬಂದರೂ ಇಲ್ಲಿನ ಸ್ಲ್ಯಾಬ್ ಪ್ರಕಾರವೇ ತೆರಿಗೆ. ಟಿಡಿಎಸ್ ಹಿಡಿಯುವವರು ಯಾರೂ ಇಲ್ಲದ್ದರಿಂದ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಮುಂಗಡ ತೆರಿಗೆಯನ್ನು ನೀವೇ ಕಟ್ಟಬೇಕು. ಹೊರದೇಶದಲ್ಲೇ ಇದ್ದು ಕೆಲಸ ಮಾಡುತ್ತೀರಾ? ಆಗ ಅಲ್ಲಿನ ತೆರಿಗೆ ನಿಯಮವನ್ನೂ ನೋಡಿಕೊಳ್ಳಿ.

ಊರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿಗೆ ಇಬ್ಬರಿಗೂ ವಿನಾಯಿತಿ ಇಲ್ಲ.

ನನ್ನ ಲೆಕ್ಕದಲ್ಲಿ, ಕನ್ಸಲ್ಟೆಂಟ್ ಫೀಸು ಸ್ಟಾಫ್ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಲದು. ಕಟ್ಟಬೇಕಾದ ತೆರಿಗೆ, ಕನ್ಸಲ್ಟೆಂಟ್‌ಗೆ ಸಿಗದ ಪೆನ್ಷನ್ ಎರಡನ್ನೂ ಸರಿದೂಗಿಸುವಷ್ಟು ಇರಬೇಕು.